ಮೇಷ್ಟ್ರು ಆರಿಸಿಕೊಂಡ ದನಿ

ನನ್ನ ಅಂಗಡಿಯ ಮೇಲಿನ ಮಹಡಿಗೆ ಪ್ಯೊ ಗಿಲ್‌ಮಾನ್ ಬಂದು ಸೇರಿದ ಮೊದಲ ವಾರವೇ ನಮ್ಮ ಓಣಿಯಲ್ಲಿ ಗುಸುಗುಸು ಎದ್ದಿತು. ಕಣ್ಣು ಕಾಣದ ಒಂಟಿ ಗಂಡಸು, ಮಾಲೀಶು ಮಾಡಿ ಹೊಟ್ಟೆ ಹೊರೆಯುವವನು, ಮೇಲೆ ಯಾರೋ ಹೆಂಗಸನ್ನು ತಂದಿಟ್ಟುಕೊಂಡಿದ್ದಾನೆ, ಅವಳು ಬೆಳಗಿನಿಂದ ಸಂಜೆಯವರೆಗೆ ಬಿಡದೆ ಮಾತಾಡುತ್ತಾಳೆ, ಆದರೆ ಒಮ್ಮೆಯೂ ಕೆಳಗಿಳಿದು ಬರುವುದಿಲ್ಲ ಎಂದು. ಗುಸುಗುಸು ಎಬ್ಬಿಸಿದವಳು ನಾನೇ. ಸುಳ್ಳು ಹೇಳುವುದಿಲ್ಲ.

ನನ್ನ ಹೆಸರು ಮಾಲ್‌ಸುನ್. ಗುನ್‌ಸಾನ್ ಬಂದರಿನಿಂದ ಎರಡು ಓಣಿ ಒಳಗೆ ನನ್ನದೊಂದು ಸಣ್ಣ ಅಂಗಡಿ. ಅನ್ನಕ್ಕೆ ನಂಚಿಕೊಳ್ಳುವ ಕಿಮ್ಚಿ, ಸೊಪ್ಪಿನ ಪಲ್ಯ, ಸೋಯಾ ರಸದಲ್ಲಿ ನೆನೆಸಿದ ಏಡಿ, ಒಣಮೀನು ಮಾರುತ್ತೇನೆ. ನಾಲ್ಕನೆಯ ದಿನವೋ ಐದನೆಯ ದಿನವೋ ಮೇಷ್ಟ್ರು ಬಿಳಿಕೋಲು ತಟ್ಟುತ್ತ ಮೊದಲ ಬಾರಿ ಅಂಗಡಿಗೆ ಬಂದರು. ಮಾಲೀಶು ಮಾಡುವವರನ್ನು ನಮ್ಮ ಕಡೆ ಮೇಷ್ಟ್ರೇ ಎಂದೇ ಕರೆಯುವುದು. ಮೂಲಂಗಿ ಕಿಮ್ಚಿ ಕೇಳಿದರು.

“ಇಬ್ಬರಿಗೆ ಕಟ್ಲಾ ಮೇಷ್ಟ್ರೇ?” ಎಂದೆ, ಬೇಕೆಂದೇ.

“ಒಬ್ಬನಿಗೆ.”

“ಮತ್ತೆ ಮನೆಯವರಿಗೆ?”

“ಯಾವ ಮನೆಯವರು?”

“ಅದೇ, ದಿನವಿಡೀ ಮಾತಾಡ್ತಾರಲ್ಲ, ಉಸಿರೂ ತಗೊಳ್ಳದೆ.”

ಅವರು ಒಂದು ಕ್ಷಣ ತಲೆ ಓರೆ ಮಾಡಿ ನಿಂತರು. ಆಮೇಲೆ ಅರ್ಥವಾಗಿ ಹಲ್ಲು ಬಿಟ್ಟು ನಕ್ಕರು. “ಅವಳಿಗೆ ಊಟ ಬೇಡ ಅಕ್ಕಾ. ಕರೆಂಟ್ ಕುಡ್ಕೊಂಡು ಇರ್ತಾಳೆ.”

ಹಾಗೆ ಗೊತ್ತಾಯಿತು, ಅದು ಅವರ ಕಂಪ್ಯೂಟರಿನ ದನಿ ಎಂದು. ಪರದೆಯ ಮೇಲೆ ಏನೇನು ಮೂಡುತ್ತದೋ ಅದನ್ನೆಲ್ಲ ಓದಿ ಹೇಳುವ ಒಂದು ಪ್ರೋಗ್ರಾಂ. ಹೆಸರು ಚೊರೊಂಗ್, ಅಂದರೆ ಲಾಂದ್ರ. ಎಷ್ಟು ವೇಗವಾಗಿ ಓದುತ್ತಿತ್ತೆಂದರೆ, ನನ್ನ ಕಿವಿಗೆ ಬಾಣಲೆಯಲ್ಲಿ ಎಳ್ಳು ಸಿಡಿದ ಹಾಗೆ ಕೇಳುತ್ತಿತ್ತು. ಮೇಷ್ಟ್ರಿಗೆ ಮಾತ್ರ ಒಂದೊಂದು ಅಕ್ಷರವೂ ತಿಳಿಯುತ್ತಿತ್ತು. ನಿಧಾನ ಮಾಡಿದರೆ ನಿದ್ದೆ ಬರುತ್ತದೆ ಎನ್ನುತ್ತಿದ್ದರು. ಗಿರಾಕಿಗಳ ಸಮಯ, ಪತ್ರಿಕೆ, ಪುಸ್ತಕ, ಬಂದ ಕಾಗದ ಎಲ್ಲವೂ ಆ ದನಿಯಲ್ಲೇ ಅವರಿಗೆ ತಲುಪಬೇಕು.

ಅವರು ಹುಟ್ಟು ಕುರುಡರಲ್ಲ. ಜೊಂಜುವಿನಿಂದ ನಾಮ್‌ವೊನ್‌ಗೆ ಹೋಗುವ ಬಸ್ಸಿನ ಡ್ರೈವರ್ ಆಗಿದ್ದವರು. ಇಪ್ಪತ್ತೊಂಬತ್ತರ ಸುಮಾರಿಗೆ ಕತ್ತಲಾದ ಮೇಲೆ ರಸ್ತೆಯ ಅಂಚು ಮಂಜಾಗತೊಡಗಿತಂತೆ. ಯಾರಿಗೂ ಹೇಳದೆ ಹಗಲಿನ ಪಾಳಿ ಬೇಡಿ ಪಡೆದುಕೊಂಡು ದಿನ ದೂಡಿದರು. ಮೂವತ್ತನಾಲ್ಕರಲ್ಲಿ ಒಂದು ಮಧ್ಯಾಹ್ನ ಓಸು ನಿಲ್ದಾಣದ ಹತ್ತಿರ ಸೈಕಲ್ಲಿನ ಮುದುಕನೊಬ್ಬ ಬಸ್ಸಿನ ಮೂತಿಗೆ ಒಂದು ಗೇಣು ದೂರದಲ್ಲಿ ಉಳಿದ. ಮೇಷ್ಟ್ರಿಗೆ ಅವನು ಕಂಡೇ ಇರಲಿಲ್ಲ. ಜನ ಕೂಗಿದ್ದು ಕೇಳಿ ಬ್ರೇಕು ತುಳಿದದ್ದು. ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ, ಪ್ರಯಾಣಿಕರ ಕ್ಷಮೆ ಕೇಳಿ, ಬೀಗದ ಕೈಯನ್ನು ನಿಲ್ದಾಣದವನ ಕೈಗೆ ಕೊಟ್ಟು ನಡೆದುಬಿಟ್ಟರು. ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ. ಹೆಂಡತಿ ಎರಡು ವರ್ಷ ಜೊತೆಗಿದ್ದು ತವರಿಗೆ ಹೋದಳು. ಮಕ್ಕಳಿರಲಿಲ್ಲ. ಅಂಧರ ಶಾಲೆಗೆ ಸೇರಿ, ಹದಿನೆಂಟರ ಹುಡುಗರ ನಡುವೆ ಕೂತು ಮಾಲೀಶು ಕಲಿತು, ಪರವಾನಗಿ ಪಡೆದು ನಮ್ಮ ಊರಿಗೆ ಬಂದರು. ಇದಿಷ್ಟನ್ನು ಅವರು ನನಗೆ ಹೇಳಲು ಹನ್ನೊಂದು ವರ್ಷ ಹಿಡಿಯಿತು. ಒಂದೇ ದಿನ ಕೂತು ಹೇಳಿದ್ದಲ್ಲ. ಕಿಮ್ಚಿ ಕಟ್ಟಿಸಿಕೊಳ್ಳುವಾಗ ಒಂದು ಮಾತು, ನನ್ನ ಎಡಗಾಲಿನ ಮಂಡಿ ತಿಕ್ಕಿಕೊಡುವಾಗ ಒಂದು ಮಾತು.

2018ರ ಏಪ್ರಿಲ್‌ನಲ್ಲಿ, ಚೆರ್ರಿ ಹೂವೆಲ್ಲ ಉದುರಿ ಗಟಾರಕ್ಕೆ ಅಂಟಿಕೊಂಡಿದ್ದ ವಾರ, ಮೇಲಿನ ದನಿ ನಿಂತಿತು. ಮೊದಲ ದಿನ ನಾನು ಗಮನಿಸಲೇ ಇಲ್ಲ. ಎರಡನೆಯ ದಿನ ಏನೋ ಸರಿಯಿಲ್ಲ ಅನ್ನಿಸಿತು, ಏನೆಂದು ಹೊಳೆಯಲಿಲ್ಲ. ಮೂರನೆಯ ದಿನ ಹೊಳೆದು ಮೆಟ್ಟಿಲು ಹತ್ತಿದೆ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಮೇಷ್ಟ್ರು ಮೇಜಿನ ಮುಂದೆ ಕೂತಿದ್ದರು. ಕೈ ಎರಡೂ ಕೀಲಿಮಣೆಯ ಮೇಲಿದ್ದವು. ಪರದೆ ಕಪ್ಪಾಗಿತ್ತು.

“ಹೋಯ್ತು ಅಕ್ಕಾ.”

“ಯಾರು?” ಎಂದೆ ಗಾಬರಿಯಿಂದ.

“ಯಾರೂ ಇಲ್ಲ. ಮೆಷಿನ್ನು.”

ರಿಪೇರಿಯವನನ್ನು ಕರೆಸಿದೆವು. ಅವನು ಒಳ್ಳೆಯ ಮನುಷ್ಯ. ಹದಿನೇಳು ವರ್ಷದ ಹಳೆಯ ಯಂತ್ರವನ್ನು ಬಿಚ್ಚಿ ನೋಡಿ, ಒಳಗಿನ ಡಿಸ್ಕು ಬದುಕಿದೆ, ಉಳಿದದ್ದೆಲ್ಲ ಸತ್ತಿದೆ ಎಂದ. ಬರೆದಿಟ್ಟದ್ದು ಎಲ್ಲ ತೆಗೆದುಕೊಡುತ್ತೇನೆ, ಆದರೆ ಆ ದನಿಯನ್ನು ಬೇರೆ ಕಂಪ್ಯೂಟರಿಗೆ ಹಾಕಲಾಗುವುದಿಲ್ಲ ಎಂದ. ಹೊಸದಾಗಿ ಹಾಕುವಾಗಲೆಲ್ಲ ಮಾಡಿದವರ ಕಡೆಯಿಂದ ಅಪ್ಪಣೆ ಬರಬೇಕಿತ್ತಂತೆ. ಮಾಡಿದವರು ದೇಜೊನ್‌ನಲ್ಲಿ ಮೂರೇ ಜನ ಸೇರಿ ನಡೆಸುತ್ತಿದ್ದ ಪುಟ್ಟ ಕಂಪನಿ. ಮೇಷ್ಟ್ರಿಗೆ ಅವರ ಫೋನ್ ನಂಬರು ಬಾಯಿಪಾಠ ಇತ್ತು. ಅಲ್ಲೇ ಮಾಡಿದರು. ಸ್ಪೀಕರಿನಲ್ಲಿ ಒಬ್ಬಳು ಹೆಂಗಸು ಗಟ್ಟಿಯಾಗಿ, “ಕೋಳಿ ಅಂಗಡಿ! ಕರಿದದ್ದಾ, ಖಾರದ್ದಾ?” ಎಂದಳು.

“ಚೊರೊಂಗ್ ಕಂಪನಿ ಅಲ್ವಾ?”

“ಅಯ್ಯೋ, ನೀವೂ ಅವ್ರನ್ನೇ ಹುಡುಕ್ತಿದೀರಾ? ಅವರು ಮುಚ್ಚಿ ಆರು ವರ್ಷ ಆಯ್ತಪ್ಪಾ. ತಿಂಗಳಿಗೆ ಒಬ್ಬರಾದ್ರೂ ಫೋನ್ ಮಾಡ್ತಾರೆ. ಎಲ್ಲಾ ಕಣ್ಣು ಕಾಣದೋರೇ. ನಾನೇನ್ ಮಾಡ್ಲಿ ಹೇಳಿ?”

ಮೇಷ್ಟ್ರು ಅವಳಿಗೆ ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಕೇಳಿ ಫೋನ್ ಇಟ್ಟರು. ರಿಪೇರಿಯವನು ಕೆಮ್ಮಿ, ತನ್ನ ಅಂಗಡಿಯಲ್ಲಿ ಒಂದು ಕಂಪ್ಯೂಟರ್ ಇದೆ, ಅದರ ಆಪರೇಟಿಂಗ್ ಸಿಸ್ಟಮ್ಮು ನೀವು ಬಳಸಿದ್ದಲ್ಲ, ಬೇರೆ ಥರದ್ದು, ಜಗತ್ತಿನ ಬೇರೆ ಬೇರೆ ಕಡೆಯ ಜನ ಬಿಡುವಿನಲ್ಲಿ ಸೇರಿ ಕಟ್ಟಿದ್ದು ಎಂದ. “ಓದಿ ಹೇಳೋ ದನಿ ಅದರೊಳಗೇ ಇರತ್ತೆ ಮೇಷ್ಟ್ರೇ. ಕಲಿಯೋದು ಕಷ್ಟ. ಆದ್ರೆ ಯಾರ ಅಪ್ಪಣೆನೂ ಬೇಡ.”

“ಯಾರ ಅಪ್ಪಣೆನೂ ಬೇಡ್ವಾ?” ಎಂದು ಮೇಷ್ಟ್ರು ಎರಡು ಸಲ ಕೇಳಿದರು. ಅದನ್ನೇ ತರಿಸಿಕೊಂಡರು.

ಅವನು ಅದನ್ನು ಜೋಡಿಸಿಟ್ಟು, ಹಳೆಯ ಬರಹಗಳನ್ನೆಲ್ಲ ಒಂದು ಮೂಲೆಯಲ್ಲಿ ಸುರಿದು, ತನಗೆ ಈ ದನಿಯ ವಿಷಯ ಏನೂ ಗೊತ್ತಿಲ್ಲ ಎಂದು ಹೇಳಿ ಹೋದ. ಮಾಲೀಶುಗಾರರ ಸಂಘದವರು ಒಬ್ಬರ ನಂಬರು ಕೊಟ್ಟರು. ಬಿನ್ ಹೇವೊನ್ ಎಂಬ ಟೀಚರು, ಚುಂಚೊನ್‌ನ ಅಂಧರ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವವರು, ತಾವೂ ಕಣ್ಣು ಕಾಣದವರು. ಆಕೆ ದೂರದಿಂದ ಹೇಳಬೇಕು, ಮೇಷ್ಟ್ರು ಕೀಲಿ ಒತ್ತಬೇಕು, ಪರದೆಯಲ್ಲಿ ಏನಿದೆ ಎಂದು ನೋಡಿ ಹೇಳಲು ಒಬ್ಬರು ಬೇಕು. ಓಣಿಯಲ್ಲಿ ಬೇರೆ ಯಾರಿದ್ದಾರೆ? ಕಂಪ್ಯೂಟರ್ ಎಂದರೆ ಏನೆಂದು ಗೊತ್ತಿಲ್ಲದ ಅರವತ್ತಾರರ ಮುದುಕಿ ನಾನು ಹೋಗಿ ಕೂತೆ. ಕೈಯೆಲ್ಲ ಬೆಳ್ಳುಳ್ಳಿ ವಾಸನೆ.

“ಅಮ್ಮಾ, ಈಗ ಎದುರಿಗೆ ಏನು ಕಾಣ್ತಿದೆ?” ಎಂದರು ಟೀಚರು ಫೋನಿನಲ್ಲಿ.

“ಬೆಟ್ಟ.”

“ಏನು?”

“ಬೆಟ್ಟ ಕಣಮ್ಮಾ, ಮೇಲೆ ಹಿಮ ಇದೆ. ಚೆನ್ನಾಗಿದೆ. ಇಲ್ಲಿಗೆ ನಾನು ಹೋಗಿಲ್ಲ.”

“ಬೆಟ್ಟ ಬಿಡಿ ಅಮ್ಮಾ. ಅಂಚಿನಲ್ಲಿ ಏನಿದೆ?”

“ಸಣ್ಣ ಸಣ್ಣ ಬಿಲ್ಲೆ. ಒಂದು ಡಬ್ಬದ ಥರ, ಒಂದು ಹಲ್ಲಿನ ಚಕ್ರದ ಥರ.”

“ಸರಿ. ಮೇಷ್ಟ್ರೇ, ನಾನು ಹೇಳೋ ಮೂರು ಕೀಲಿ ಒಟ್ಟಿಗೆ ಒತ್ತಿ.”

ಮೇಷ್ಟ್ರು ಒತ್ತಿದರು. ಯಾರೋ ಗಂಡಸು ಮೂಗಿನಲ್ಲಿ ಇಂಗ್ಲಿಷು ಮಾತಾಡತೊಡಗಿದ. ನಮಗಿಬ್ಬರಿಗೂ ಒಂದಕ್ಷರ ತಿಳಿಯಲಿಲ್ಲ. ಆದರೆ ಮೇಷ್ಟ್ರ ಮುಖ ನೋಡಬೇಕಿತ್ತು. ಐದು ದಿನ ಸುಮ್ಮನಿದ್ದ ಕೋಣೆಯಲ್ಲಿ ಏನೋ ಒಂದು ಮಾತಾಡಿತಲ್ಲ! ಬಾಯಿ ಅರ್ಧ ತೆರೆದು ಕೇಳುತ್ತಿದ್ದರು.

ಆ ಮೂಗಿನವನನ್ನು ನಮ್ಮ ಭಾಷೆಗೆ ತಿರುಗಿಸುವುದಕ್ಕೆ ಒಂದು ಇಡೀ ಬೆಳಗು ಹೋಯಿತು. ಆಮೇಲೆ ದನಿಗಳ ಪಟ್ಟಿ ಬಂತು. ಟೀಚರು ಒಂದೊಂದನ್ನೇ ಕೇಳಿಸಿದರು. ಸೊಸೆ ನೋಡಲು ಹೋದವರ ಹಾಗೆ ನಾವು ಕೂತು ಕೇಳಿದೆವು. ಒಬ್ಬಳ ದನಿ ಜೇನು ಸುರಿದ ಹಾಗಿತ್ತು. ವಾಕ್ಯದ ಕೊನೆಯಲ್ಲಿ ಉಸಿರು ಬಿಡುವುದೂ ಕೇಳುತ್ತಿತ್ತು.

“ಇವಳೇ ಇರ್ಲಿ ಮೇಷ್ಟ್ರೇ, ಎಷ್ಟು ಚೆನ್ನಾಗಿ ಮಾತಾಡ್ತಾಳೆ!” ಎಂದೆ.

“ಓಡ್ಸಿ ನೋಡೋಣ,” ಎಂದು ಮೇಷ್ಟ್ರು ಅವಳ ವೇಗ ಹೆಚ್ಚಿಸಿದರು. ಪಾಪ, ಮೂರು ಪಟ್ಟು ಆಗುವಷ್ಟರಲ್ಲಿ ಅವಳು ಮಾತು ನುಂಗತೊಡಗಿದಳು, ಅಕ್ಷರದ ಮೇಲೆ ಅಕ್ಷರ ಬಿದ್ದು ಎಡವಿದಳು. ಇನ್ನೊಬ್ಬಳೂ ಅಷ್ಟೇ. ಕೊನೆಗೆ ಉಳಿದದ್ದು ಆ ಮೂಗಿನ ಗಂಡಸೇ. ತಗಡಿನ ಮೇಲೆ ಉಗುರಿನಿಂದ ಗೀಚಿದಂಥ ದನಿ. ಆದರೆ ಎಷ್ಟು ಓಡಿಸಿದರೂ ಒಂದಕ್ಷರ ಬಿಡದೆ ಓಡುತ್ತಿತ್ತು.

“ಇವನೇ.”

“ಥೂ, ಇವನ ಜೊತೆ ಹೆಂಗೆ ಬಾಳ್ತೀರಾ?”

“ಬಾಳೋಕಲ್ಲ ಅಕ್ಕಾ, ಕೆಲಸಕ್ಕೆ,” ಎಂದರು ಮೇಷ್ಟ್ರು. ನಗಲಿಲ್ಲ. “ಹದಿನೇಳು ವರ್ಷ ಬಾಳಿದ್ದಾಯ್ತಲ್ಲ ಅವಳ ಜೊತೆ.”

ಟೀಚರು ಆ ಕಡೆಯಿಂದ, “ನಂಗೂ ಹಾಗೇ ಆಗಿತ್ತು ಮೇಷ್ಟ್ರೇ,” ಎಂದಷ್ಟೇ ಹೇಳಿ ಮುಂದಿನ ಕೆಲಸಕ್ಕೆ ಹೋದರು.

ಮುಂದಿನ ಕೆಲಸ ಪ್ರೋಗ್ರಾಂಗಳನ್ನು ಆರಿಸುವುದು. ಆ ಹೊಸ ವ್ಯವಸ್ಥೆಯಲ್ಲಿ ಸಾವಿರಾರು ಸಿಗುತ್ತವಂತೆ. ಹೆಸರುಗಳೆಲ್ಲ ವಿಚಿತ್ರ, ಕೇಳಿದರೆ ಔಷಧಿಯೋ ಮೀನೋ ತಿಳಿಯದು. ಟೀಚರು ಒಂದು ಹೆಸರು ಹೇಳುವುದು, ಮೇಷ್ಟ್ರು ಅದನ್ನು ಹಾಕಿ ನೋಡುವುದು, ಬೇಡವಾದರೆ ತೆಗೆಯುವುದು, ಹೀಗೆ ವಾರಗಟ್ಟಲೆ ನಡೆಯಿತು. ಪತ್ರಿಕೆ ಓದಿಸಲು ಒಂದು, ರೇಡಿಯೋಗೆ ಒಂದು, ಗಿರಾಕಿಗಳ ಸಮಯ ಗುರುತಿಡಲು ಒಂದು. ನಾನು ಚಂದ ನೋಡಿ ಹೇಳುತ್ತಿದ್ದೆ, ಇದು ಬಣ್ಣ ಬಣ್ಣದ್ದು, ಇದು ಬೋಳು ಎಂದು. ಬಣ್ಣದವುಗಳ ಒಳಗೆ ಹೊಕ್ಕರೆ ಅರ್ಧ ಗುಂಡಿಗಳಿಗೆ ಹೆಸರೇ ಇರುತ್ತಿರಲಿಲ್ಲ. ಮೂಗಿನವನು “ಗುಂಡಿ, ಗುಂಡಿ, ಗುಂಡಿ” ಎಂದು ಹೇಳಿಕೊಂಡು ಹೋಗುತ್ತಿದ್ದ, ಯಾವ ಗುಂಡಿ ಯಾತಕ್ಕೆ ಎಂದು ಹೇಳುತ್ತಿರಲಿಲ್ಲ. ಬೋಳಾದವೇ ಮೇಷ್ಟ್ರಿಗೆ ಒಗ್ಗಿದವು.

ಪ್ರತಿಯೊಂದಕ್ಕೂ ಅವರು ಮೂರು ಪ್ರಶ್ನೆ ಕೇಳುತ್ತಿದ್ದರು. ಇದು ಮಾತಾಡುತ್ತದೆಯೇ? ಮೌಸು ಹಿಡಿಯದೆ ಬರೀ ಕೀಲಿಯಿಂದ ನಡೆಯುತ್ತದೆಯೇ? ಮೂರನೆಯದನ್ನು ಪ್ರತಿಸಲ ಕೊಂಚ ತಡೆದು ಕೇಳುತ್ತಿದ್ದರು: “ಟೀಚರೇ, ನಾಳೆ ಇದನ್ನ ಮಾಡಿದೋರು ಅಂಗಡಿ ಮುಚ್ಚಿದ್ರೆ, ನಾನು ಬರೆದದ್ದು ನನ್ನ ಕೈಲಿರತ್ತಾ?”

ಹಳೆಯ ಬರಹಗಳ ವಿಷಯ ಅವರು ಮೇ ತಿಂಗಳವರೆಗೆ ಎತ್ತಲೇ ಇಲ್ಲ. ಒಂದು ಮಧ್ಯಾಹ್ನ ಎತ್ತಿದರು. ಹಳೆಯ ದನಿಯ ಜೊತೆಗೆ ಬಂದಿದ್ದ ಟಿಪ್ಪಣಿಯ ಪ್ರೋಗ್ರಾಂನಲ್ಲಿ ಬರೆದಿಟ್ಟ ಒಂದು ಕಡತ ಇದೆ, ಬೇರೆ ಯಾವುದೂ ಅದನ್ನು ತೆರೆಯುತ್ತಿಲ್ಲ, ತೆರೆದರೂ ಮೂಗಿನವನು “ಪ್ರಶ್ನಾರ್ಥಕ, ಪ್ರಶ್ನಾರ್ಥಕ” ಎಂದಷ್ಟೇ ಹೇಳುತ್ತಾನೆ ಎಂದರು.

“ಹೆಸರೇನು ಕಡತದ್ದು?” ಎಂದು ಟೀಚರು ಕೇಳಿದರು.

“ಮುಖಗಳು.”

ಟೀಚರು ವಿವರಿಸಿದರು. ಅಕ್ಷರಗಳನ್ನು ಹಳೆಯ ಕಾಲದಲ್ಲಿ ಬೇರೆ ರೀತಿ ಜೋಡಿಸಿಡುತ್ತಿದ್ದರು; ಎಲ್ಲಕ್ಕಿಂತ ಬೋಳಾದ ಬರವಣಿಗೆಯ ಪ್ರೋಗ್ರಾಂನಲ್ಲಿ ಅದನ್ನು ತೆರೆದು, ಜೋಡಣೆಯ ಪಟ್ಟಿಯಿಂದ ಒಂದೊಂದನ್ನೇ ಆರಿಸುತ್ತ ಹೋಗಬೇಕು; ಯಾವಾಗ ಸರಿಯಾಗಿ ಕಾಣುತ್ತದೆ ಎಂದು ಕಣ್ಣಿರುವವರು ಹೇಳಿದರೆ ಬೇಗ ಆಗುತ್ತದೆ. ಅಷ್ಟು ಹೇಳಿ ಅವರು ತರಗತಿಗೆ ಹೋದರು. ನಾವಿಬ್ಬರೇ ಉಳಿದೆವು.

ಮೇಷ್ಟ್ರು ಕೆಳಗಿನ ಬಾಣದ ಕೀಲಿ ಒತ್ತುವುದು, ನಾನು ನೋಡುವುದು. ಚೌಕಗಳು. ಮತ್ತೆ ಚೌಕಗಳು. ಇರುವೆ ಸಾಲು. ಚೀನೀ ಅಕ್ಷರದ ಗೊಜ್ಜು. ಹನ್ನೆರಡನೆಯದೋ ಹದಿಮೂರನೆಯದೋ ಒತ್ತಿದಾಗ ಪರದೆ ತುಂಬ ನಮ್ಮ ಅಕ್ಷರಗಳು ಬಂದುಬಿಟ್ಟವು.

“ಬಂತು! ಮೇಷ್ಟ್ರೇ, ಬಂತು!”

ಅವರು ತಟ್ಟನೆ ಒಂದು ಕೀಲಿ ಒತ್ತಿ ಮೂಗಿನವನ ಬಾಯಿ ಮುಚ್ಚಿಸಿದರು. “ನೀವೇ ಓದಿ ಅಕ್ಕಾ. ಒಂದೆರಡು ಸಾಲು. ಎಲ್ಲಾ ಇದೆಯಾ ನೋಡೋಕೆ.”

ನಾನು ಕನ್ನಡಕ ಒರೆಸಿಕೊಂಡು ಓದಿದೆ.

“ಅಮ್ಮ. ಮೇಲಿನ ತುಟಿಯ ಎಡಕ್ಕೆ ಎಣ್ಣೆ ಸಿಡಿದ ಕಲೆ. ಕಿವಿ ದೊಡ್ಡವು. ಮೂಗು ನೆನಪಿಲ್ಲ. ಊಹಿಸಿ ಬರೆಯುವುದಿಲ್ಲ.”

ಅದು ಮೊದಲನೆಯದು. ಕಣ್ಣು ಪೂರ್ತಿ ಹೋಗಿ ಐದು ವರ್ಷವಾದ ಮೇಲೆ ಒಂದು ಬೆಳಗ್ಗೆ ಹಲ್ಲುಜ್ಜುವಾಗ ಅಮ್ಮನ ಮೂಗು ನೆನಪಿಗೆ ಬರಲಿಲ್ಲವಂತೆ. ಅವತ್ತೇ ಹೆದರಿ ಬರೆಯಲು ಕೂತರಂತೆ, ಉಳಿದವರು ಅಳಿಸಿಹೋಗುವ ಮೊದಲು. ಇನ್ನೂರಕ್ಕೂ ಹೆಚ್ಚು ಜನ ಇದ್ದರು.

ಒಂದೆರಡು ಸಾಲೆಂದವರು ನಿಲ್ಲಿಸು ಎನ್ನಲಿಲ್ಲ. ನಾನೂ ನಿಲ್ಲಿಸಲಿಲ್ಲ.

“ಇಮ್‌ಶಿಲ್‌ನಲ್ಲಿ ಬಸ್ಸು ಹತ್ತುತ್ತಿದ್ದ ಮೊಟ್ಟೆಯವಳು. ಹುಬ್ಬಿಲ್ಲ. ಕಪ್ಪಿನಿಂದ ಬರೆದುಕೊಳ್ಳುತ್ತಿದ್ದಳು. ಸೆಕೆಯ ದಿನ ಒಂದು ಹುಬ್ಬು ಕೆನ್ನೆಗೆ ಇಳಿದಿರುತ್ತಿತ್ತು. ಕನ್ನಡಿಯಲ್ಲಿ ನೋಡಿ ನಗುತ್ತಿದ್ದೆ. ಅವಳೂ ಕನ್ನಡಿಯಲ್ಲೇ ನೋಡಿ ಬೈಯುತ್ತಿದ್ದಳು.”

“ಹೆಂಡತಿ. ಹಣೆ ಕಿರಿದು. ನಿದ್ದೆಯಲ್ಲಿ ಎಡಗಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ. ಕೊನೆಯ ವರ್ಷ ಹೇಗಿದ್ದಳೋ ಗೊತ್ತಿಲ್ಲ.”

“ಸೈಕಲ್ಲಿನ ಮುದುಕ. ಇವನನ್ನು ನಾನು ನೋಡಲಿಲ್ಲ. ಆದರೂ ಬರೆಯುತ್ತೇನೆ.”

“ನಾನು. ಮೂವತ್ತನಾಲ್ಕರವರೆಗೆ ಗೊತ್ತು.”

ಓದುತ್ತ ಓದುತ್ತ ಬಿಸಿಲು ಗೋಡೆಯಿಂದ ಇಳಿದು ಮಾಲೀಶಿನ ಮಂಚದ ಮೇಲೆ ಬಂತು. ಕೆಳಗೆ ಯಾರೋ ಅಂಗಡಿಯ ಮುಂದೆ ನಿಂತು “ಯಾರಿದ್ದೀರಾ?” ಎಂದು ಕೂಗಿ ಹೋದರು. ನಾನು ಏಳಲಿಲ್ಲ. ಕೊನೆಯ ಹತ್ತಿರ ಒಂದು ಗೆರೆ ಎಳೆದಂತೆ ಚುಕ್ಕೆಗಳ ಸಾಲು, ಅದರ ಕೆಳಗೆ ಕಣ್ಣು ಹೋದ ಮೇಲೆ ಪರಿಚಯವಾದವರು. ಮೊದಲನೆಯದೇ ನನ್ನದು.

ಕೆಳಗಿನ ಅಂಗಡಿಯ ಮಾಲ್‌ಸುನ್ ಅಕ್ಕ. ಎಡಗಾಲು ಎಳೆದು ನಡಿಗೆ. ಬೆಳ್ಳುಳ್ಳಿ, ಎಳ್ಳೆಣ್ಣೆ. ನಗುವ ಮೊದಲು ಕೆಮ್ಮು. ಮುಖ: ಗೊತ್ತಿಲ್ಲ. ಕೇಳಿಲ್ಲ.

ಇದನ್ನು ನಾನು ಗಟ್ಟಿಯಾಗಿ ಓದಲಿಲ್ಲ.

“ಯಾಕೆ ನಿಲ್ಲಿಸಿದ್ರಿ?”

“ಮುಗೀತು ಮೇಷ್ಟ್ರೇ.”

“ಮುಗ್ದಿಲ್ಲ. ಇನ್ನೂ ಒಂಬತ್ತು ಜನ ಇದಾರೆ.”

ನಾನು ಕೆಮ್ಮಿದೆ. ಕೆಮ್ಮಿದ್ದು ಗೊತ್ತಾಗಿ ನಾಚಿಕೆಯಾಯಿತು. ನನ್ನ ಗಂಡ ಹೋಗಿ ಒಂಬತ್ತು ವರ್ಷ. ಅವನು ಬಂದರಿನಲ್ಲಿ ಮೀನಿನ ಪೆಟ್ಟಿಗೆ ಹೊರುತ್ತಿದ್ದ, ಬದುಕಿದ್ದಾಗಲೂ ನನ್ನ ಮುಖ ನೋಡಿ ಒಂದು ಮಾತು ಆಡಿದವನಲ್ಲ. ಅಂಗಡಿಗೆ ಬರುವವರು ತಟ್ಟೆ ನೋಡುತ್ತಾರೆ, ತಕ್ಕಡಿ ನೋಡುತ್ತಾರೆ. ಹನ್ನೊಂದು ವರ್ಷ ಒಬ್ಬ ಮನುಷ್ಯ ನನ್ನ ಮುಖದ ಜಾಗವನ್ನು ಖಾಲಿ ಬಿಟ್ಟುಕೊಂಡು ಕಾದಿದ್ದ. ಕೇಳಲು ಅವನಿಗೆ ಬಾಯಿ ಬಂದಿರಲಿಲ್ಲ.

“ಬರ್ಕೊಳ್ಳಿ,” ಎಂದೆ.

“ಏನು?”

“ಮುಖ ದುಂಡಗಿದೆ. ಚಂದ ಇಲ್ಲ. ಚಿಕ್ಕೋಳಿದ್ದಾಗಲೂ ಇರ್ಲಿಲ್ಲ, ಅದಕ್ಕೆ ದುಃಖ ಪಡೋದೇನೂ ಇಲ್ಲ. ಗದ್ದದ ಬಲಕ್ಕೆ ಒಂದು ಕರಿ ಮಚ್ಚೆ, ಅದರಲ್ಲಿ ಎರಡು ಕೂದಲು. ಕೀಳ್ತೀನಿ, ಮತ್ತೆ ಬರತ್ತೆ. ಕಣ್ಣು ಸಣ್ಣವು. ಕೂದಲು ಕರಿ ಅಂತ ಹೇಳ್ಬೇಕು ಅನ್ಸತ್ತೆ. ಬಣ್ಣ ಹಾಕಿಸ್ಕೊಂಡಿರೋದು. ಮುಂದಿನ ಹಲ್ಲೊಂದು ಬೆಳ್ಳಿ.”

ಅವರು ಬರೆದುಕೊಂಡರು. ಒಂದೊಂದು ಅಕ್ಷರವನ್ನೂ ನಿಧಾನವಾಗಿ, ದನಿಯಿಲ್ಲದೆ, ಬೆರಳಿನ ಅಂದಾಜಿನಲ್ಲಿ. ನಾನು ನೋಡಿದೆ, ಒಂದು ತಪ್ಪೂ ಇರಲಿಲ್ಲ.

“ಮೂಗು?” ಎಂದರು.

“ಮೂಗು ಅಂದ್ರೆ... ಇದೆ. ಚಪ್ಪಟೆ. ತುದಿ ಒಂಚೂರು ಎಡಕ್ಕೆ.”

ಅದನ್ನೂ ಬರೆದುಕೊಂಡರು. ನನಗೆ ಏನನ್ನಿಸಿತೋ, “ನಿಮ್ಮದೂ ಹೇಳ್ಲಾ ಮೇಷ್ಟ್ರೇ? ಈಗ ಹೆಂಗಿದೀರಾ ಅಂತ?” ಎಂದುಬಿಟ್ಟೆ.

ಅವರು ಬೆರಳುಗಳನ್ನು ಕೀಲಿಗಳ ಮೇಲಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು. “ಬೇಡ ಅಕ್ಕಾ. ನಂಗೆ ಆ ಡ್ರೈವರೇ ಸಾಕು.”

ಕೆಳಗೆ ಹೋಗಿ ಆ ಸಂಜೆ ನಾನು ಕನ್ನಡಿ ನೋಡಿಕೊಂಡೆ. ಮೂಗಿನ ತುದಿ ಬಲಕ್ಕಿತ್ತು. ಕನ್ನಡಿಯಲ್ಲಿ ಯಾವುದು ಎಡ ಯಾವುದು ಬಲ ಎಂದು ಯೋಚಿಸುತ್ತ ಅರ್ಧ ಗಂಟೆ ನಿಂತಿದ್ದೆ. ಮೇಷ್ಟ್ರಿಗೆ ತಿದ್ದಿ ಹೇಳಲು ಹೋಗಲಿಲ್ಲ.

ಮರುವರ್ಷದ ಚಳಿಗಾಲದಲ್ಲಿ ಹೇವೊನ್ ಟೀಚರು ಒಂದು ಸಲಹೆ ಕೊಟ್ಟರು. ಮೇಷ್ಟ್ರು ಕಲಿತದ್ದನ್ನೆಲ್ಲ ಬರೆಯಬೇಕು, ತಮ್ಮ ಹಾಗೆ ವಯಸ್ಸಾದ ಮೇಲೆ ಗೊತ್ತಿಲ್ಲದ ಯಂತ್ರದ ಮುಂದೆ ಒಬ್ಬರೇ ಕೂತವರಿಗಾಗಿ. ಮೇಷ್ಟ್ರು ಬರೆದರು. ಯಾವ ಪ್ರೋಗ್ರಾಂ ಮಾತಾಡುತ್ತದೆ, ಯಾವುದು ಮಾತಾಡುವಂತೆ ನಟಿಸುತ್ತದೆ, ಮೊದಲ ದಿನ ಯಾವುದೊಂದನ್ನು ಹಾಕಿಕೊಂಡರೆ ಉಳಿದದ್ದು ನಾಳೆಗೆ ಬಿಡಬಹುದು, ಹೀಗೆ. ಕೊನೆಯಲ್ಲಿ ತಮ್ಮ ಫೋನ್ ನಂಬರು ಹಾಕಿದರು. ಟೀಚರು ಅದನ್ನು ಅಂಧರ ಒಂದು ಬಳಗಕ್ಕೆ ಕಳಿಸಿದರು.

ಅದಾಗಿ ಒಂದು ತಿಂಗಳಿಗೆ ಸರಿಯಾಗಿ ಸೋಂಕು ಬಂತು. ಯಾರೂ ಯಾರನ್ನೂ ಮುಟ್ಟಬಾರದು ಎಂದಾಯಿತು. ಮುಟ್ಟುವುದೇ ಮೇಷ್ಟ್ರ ಕಸುಬು. ಮಂಚದ ಮೇಲಿನ ಬಿಳಿ ಬಟ್ಟೆ ಮಡಿಸಿಟ್ಟಿದ್ದು ಮಡಿಸಿಟ್ಟಂತೆಯೇ ಇತ್ತು. ನಾನು ದಿನಾ ಹನ್ನೆರಡಕ್ಕೆ ಊಟದ ಡಬ್ಬಿಯನ್ನು ಬಾಗಿಲ ಹೊರಗಿಟ್ಟು ಎರಡು ಸಲ ತಟ್ಟಿ ಇಳಿಯುತ್ತಿದ್ದೆ. ಬಾಗಿಲ ಆ ಬದಿಯಿಂದ ಅವರೂ ಎರಡು ಸಲ ತಟ್ಟುತ್ತಿದ್ದರು. ಇಡೀ ವಸಂತ ನಮ್ಮ ನಡುವೆ ನಡೆದದ್ದು ಅಷ್ಟೇ.

ಆದರೆ ಫೋನ್ ಬರತೊಡಗಿತು. ಸೊಕ್ಚೋದಿಂದ, ಜೆಜುವಿನಿಂದ, ಹೆಸರೇ ಕೇಳದ ಹಳ್ಳಿಗಳಿಂದ. ಮೆಟ್ಟಿಲ ಮೇಲೆ ನಿಂತರೆ ಅವರ ಮಾತು ಕೇಳುತ್ತಿತ್ತು.

“ಕೀಲಿಮಣೆ ಮೇಲೆ ತೋರುಬೆರಳು ಇಡಿ. ಎರಡು ಕಡೆ ಸಣ್ಣ ಉಬ್ಬುಗೆರೆ ತಾಗತ್ತಾ? ತಾಗ್ತಾ? ಹಾಂ, ಅದೇ ಮನೆ. ಎಲ್ಲಿಗೆ ಹೋದ್ರೂ ಅಲ್ಲಿಗೆ ವಾಪಸ್ ಬನ್ನಿ.”

ಜೂನ್‌ನಲ್ಲಿ ಸಂಚೊಕ್‌ನಿಂದ ಒಬ್ಬಾತ ಮಾಡಿದ. ಸಿಮೆಂಟ್ ಕೆಲಸದವನು, ಕಣ್ಣು ಹೋಗಿ ಏಳು ತಿಂಗಳು. ನಾಲ್ಕು ದಿನದಿಂದ ಹೊಸ ಕಂಪ್ಯೂಟರಿನ ಮುಂದೆ ಕೂತಿದ್ದಾನೆ, ಅದರಿಂದ ಒಂದು ಸದ್ದೂ ಬರುತ್ತಿಲ್ಲ. ಅವನು ಅಳುತ್ತಿದ್ದ. ನಾನು ಡಬ್ಬಿ ಇಟ್ಟು ಇಳಿಯುವವಳು ಅಲ್ಲೇ ನಿಂತೆ.

“ಅಳಿ, ಪರವಾಗಿಲ್ಲ. ನಾನೆಲ್ಲೂ ಹೋಗಲ್ಲ, ಇವತ್ತು ನಂಗೂ ಕೆಲಸ ಇಲ್ಲ,” ಎಂದರು ಮೇಷ್ಟ್ರು. “ಅತ್ತಾದ ಮೇಲೆ, ಡಬ್ಬದ ಹಿಂದೆ ಕೈ ಹಾಕಿ. ದುಂಡಗಿನ ತೂತುಗಳು ಮೂರಿರತ್ತೆ. ಸ್ಪೀಕರಿನ ವೈರು ಯಾವುದರಲ್ಲಿದೆ?”

ಎರಡು ಗಂಟೆ ಹಿಡಿಯಿತು. ವೈರು ತಪ್ಪು ತೂತಿನಲ್ಲಿತ್ತು, ಆಮೇಲೆ ಭಾಷೆ ತಪ್ಪಿತ್ತು, ಆಮೇಲೆ ಅವನೇ ಏನೋ ಒತ್ತಿ ಎಲ್ಲ ಆರಿಸಿಬಿಟ್ಟ. ಮೇಷ್ಟ್ರು ಮತ್ತೆ ಮೊದಲಿಂದ ಶುರುಮಾಡಿದರು. ಕೊನೆಗೆ ಫೋನಿನ ಆ ಕಡೆಯಿಂದ ತಗಡಿನ ದನಿಯೊಂದು ಏನನ್ನೋ ಹೇಳಿದ್ದು ನನಗೂ ಕೇಳಿಸಿತು. ಆ ಮನುಷ್ಯ, “ಮಾತಾಡ್ತು! ಅಣ್ಣಾ, ಮಾತಾಡ್ತು!” ಎಂದು ಕೂಗಿ, ವಂದನೆಯನ್ನೂ ಹೇಳದೆ ಫೋನ್ ಇಟ್ಟುಬಿಟ್ಟ.

ಬಾಗಿಲು ತೆರೆದು ಮೇಷ್ಟ್ರು ಡಬ್ಬಿಗೆ ಕೈ ಚಾಚಿದರು. ಸಾರು ಆರಿ ಮೇಲೆ ಕೊಬ್ಬು ಕಟ್ಟಿತ್ತು. ಬಿಸಿ ಮಾಡಿ ತರುತ್ತೇನೆ ಎಂದರೆ ಕೇಳಲಿಲ್ಲ, ಹಾಗೇ ನಿಂತು ಕುಡಿದರು.

“ಮತ್ತೆ ಮಾಡ್ತಾನಾ ಅವನು?” ಎಂದೆ, ಮೂರು ಮೆಟ್ಟಿಲು ಕೆಳಗಿನಿಂದ, ಮುಖಕ್ಕೆ ಮಾಸ್ಕು ಎಳೆದುಕೊಂಡು.

“ಇಲ್ಲ. ಸರಿಹೋದೋರು ಯಾರೂ ಮತ್ತೆ ಮಾಡಲ್ಲ.”

ಅವನು ಮಾಡಲಿಲ್ಲ. ಉಳಿದವರೂ ಅಷ್ಟೇ. ಸೋಂಕು ಇಳಿದ ಮೇಲೂ ಗಿರಾಕಿಗಳು ಹಿಂದಿನಷ್ಟು ಬರಲಿಲ್ಲ. ಮೇಷ್ಟ್ರ ಹೆಬ್ಬೆರಳುಗಳ ಕೀಲು ಸವೆದಿತ್ತು, ಅದನ್ನು ಅವರು ಮುಚ್ಚಿಟ್ಟಿದ್ದರು. ಕಳೆದ ಶರತ್ಕಾಲದಲ್ಲಿ ಇಕ್ಸಾನ್‌ನಲ್ಲಿ ವಯಸ್ಸಾದ ಅಂಧರಿಗೆ ಸಂಘದವರು ನಡೆಸುವ ಮನೆಯಲ್ಲಿ ಒಂದು ಕೋಣೆ ತೆರವಾಯಿತು. ಕಂಪ್ಯೂಟರನ್ನು ತಮ್ಮ ಹೊದಿಕೆಯಲ್ಲಿ ಸುತ್ತಿಕೊಂಡು ಹೋದರು. ಮೇಲಿನ ಮಹಡಿಯಲ್ಲಿ ಈಗ ಉಗುರಿಗೆ ಬಣ್ಣ ಹಚ್ಚುವ ಅಂಗಡಿ.

ಭಾನುವಾರ ನಾನೇ ಫೋನ್ ಮಾಡುತ್ತೇನೆ. ಅಲ್ಲಿ ಮೂವತ್ತೊಂದು ಜನ ಇದ್ದಾರಂತೆ, ಆದರೂ ಊಟ ಕೋಣೆಗೆ ತರಿಸಿಕೊಳ್ಳುತ್ತಾರಂತೆ. ಹಗಲಿನಲ್ಲಿ ಮಾತ್ರ ಗೋಡೆ ಸವರುತ್ತ ಬಾಗಿಲಿಂದ ಬಾಗಿಲಿಗೆ ಹೋಗುತ್ತಾರೆ. ಸಂಘದವರು ಎಲ್ಲರಿಗೂ ಒಂದೊಂದು ಕಂಪ್ಯೂಟರ್ ಕೊಟ್ಟಿದ್ದಾರೆ, ಯಾರಿಗೆ ಏನು ಹಾಕಿಕೊಡಬೇಕು ಎಂದು ಕೇಳಿ ಹಾಕಿಕೊಡುವುದು ಇವರ ಕೆಲಸ. ಒಬ್ಬರಿಗೆ ಬಾದುಕ್ ಆಟ ಬೇಕು, ಎದುರಾಳಿ ಕಲ್ಲು ಎಲ್ಲಿಟ್ಟ ಎಂದು ಅದು ಹೇಳಬೇಕು. ಒಬ್ಬರಿಗೆ ಚರ್ಚಿನ ಹಾಡು. ಇನ್ನೊಬ್ಬರಿಗೆ ತಮ್ಮ ಊರಿನ ಹವಾಮಾನ. ಆ ಊರಿಗೆ ಅವರು ಇನ್ನು ಹೋಗುವವರಲ್ಲ.

ಮೂಲೆಯ ಕೋಣೆಯಲ್ಲಿ ತೊಂಬತ್ತು ದಾಟಿದ ಒಂದು ಅಜ್ಜಿ. ತನಗೆ ಯಾವುದೂ ಬೇಡ ಎಂದು ಎರಡು ತಿಂಗಳು ಹಟ ಹಿಡಿದಿದ್ದಳಂತೆ. ಕೊನೆಗೆ, ಗಂಟೆ ಎಷ್ಟಾಯಿತು ಎಂದು ತಾನು ಕೇಳದೆಯೇ ಅದು ಹೇಳುವುದಾದರೆ ಇರಲಿ ಎಂದಳಂತೆ. ಮೇಷ್ಟ್ರು ಮೂರು ದಿನ ಹುಡುಕಿ, ಆರೇಳು ಗಡಿಯಾರದ ಪ್ರೋಗ್ರಾಂಗಳನ್ನು ಹಾಕಿ ತೆಗೆದು, ಒಂದನ್ನು ಆರಿಸಿದರು. ಅವಳಿಗಾಗಿ ಆ ನಿಧಾನದ, ಜೇನಿನ ದನಿಯನ್ನೇ ಇಟ್ಟರು. ಈಗ ಗಂಟೆಗೊಮ್ಮೆ ಅದು “ಹತ್ತು ಗಂಟೆ ಆಯಿತು” ಎನ್ನುತ್ತದೆ. ಅಜ್ಜಿ ಹಾಸಿಗೆಯಿಂದಲೇ, “ಆಯ್ತಾ ಮಗಳೇ? ಸರಿ, ಸರಿ,” ಎನ್ನುತ್ತಾಳಂತೆ.